ಎಸ್‌ಡಿಎಂಸಿ ನಡೆಸುವುದು ಹೇಗೆ: ಒಬ್ಬ ಜೆರಾಕ್ಸ್ ಅಂಗಡಿಯವನ ಮಾತು

ಮಂಡ್ಯ ಜಿಲ್ಲೆಯ ಒಂದು ಹೋಬಳಿ ಊರು, ಬಸ್‌ಸ್ಟ್ಯಾಂಡ್ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿ. ಮಗಳು ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲೇ. ಅವಳು ಐದನೇ ಕ್ಲಾಸಿಗೆ ಬಂದ ವರ್ಷ ನನ್ನನ್ನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಮಾಡಿದರು ಅಂದರೆ, ಬೇರೆ ಯಾರೂ ಒಪ್ಪಲಿಲ್ಲ, ನಾನು ಆ ದಿನ ಸಭೆಯಲ್ಲಿ ಕೂತಿದ್ದೆ, ಅಷ್ಟೇ. ಅವಳು ಏಳನೇ ಕ್ಲಾಸು ಮುಗಿಸುವವರೆಗೆ ಮೂರು ವರ್ಷ ನಡೆಸಿದೆ. ಈಗ ಪಕ್ಕದ ಊರುಗಳ ಹೊಸ ಅಧ್ಯಕ್ಷರು ಅಂಗಡಿಗೆ ಬಂದಾಗ "ಅಣ್ಣ, ಮೊದಲು ಏನು ಮಾಡಬೇಕು?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಎಷ್ಟು ಕೆಲಸ ಇದೆ ಅನ್ನುವುದು ನನಗೆ ಗೊತ್ತಾಗಿದ್ದು ಶಾಲೆಯಲ್ಲಲ್ಲ, ನನ್ನ ಅಂಗಡಿಯಲ್ಲಿ. ಮಧ್ಯಾಹ್ನ ಒಂದೂವರೆಗೆ ಒಬ್ಬ ಮೇಷ್ಟ್ರು ಬೈಕಿನಲ್ಲಿ ಓಡಿ ಬರುತ್ತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರ ತುಂಬ ಮಕ್ಕಳ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ. "ಎರಡೆರಡು ಕಾಪಿ ಹಾಕಪ್ಪಾ, ಬೇಗ, ಎರಡು ಗಂಟೆಗೆ ಕ್ಲಾಸಿದೆ." ಮಾರನೇ ದಿನ ಮತ್ತೆ ಅದೇ ಕವರು. ಯಾಕೆ ಅಂದರೆ ಮಗುವಿನ ಹೆಸರು ಆಧಾರ್‌ನಲ್ಲಿ ಒಂದು ಥರ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನ್ನೊಂದು ಥರ. ಅಪ್ಪನ ಹೆಸರು ಒಂದು ಕಡೆ ಸಿದ್ದೇಗೌಡ, ಇನ್ನೊಂದು ಕಡೆ ಸಿದ್ದಪ್ಪ. ಅಷ್ಟಕ್ಕೇ ಸ್ಕಾಲರ್‌ಶಿಪ್ ನಿಲ್ಲುತ್ತದೆ. ಪೋಷಕರು ಬಂದು ಮೇಷ್ಟ್ರನ್ನು ಬೈಯುತ್ತಾರೆ. ಮೇಷ್ಟ್ರು ಊಟ ಬಿಟ್ಟು ನನ್ನ ಅಂಗಡಿಗೆ ಓಡಿ ಬರುತ್ತಾರೆ.

ಅಲ್ಲೇ ನನಗೆ ಹೊಳೆದಿದ್ದು. ಪೋಷಕರ ಸಮಿತಿ ಮೊದಲು ಹಿಡಿಯಬೇಕಾದ್ದು ಬಣ್ಣ, ಗೇಟು, ವಾರ್ಷಿಕೋತ್ಸವ ಇದ್ಯಾವುದೂ ಅಲ್ಲ. ಈ ಪ್ಲಾಸ್ಟಿಕ್ ಕವರನ್ನು.

ಕಾನೂನು ಎಷ್ಟು ಗೊತ್ತಿದ್ದರೆ ಸಾಕು

ಜಾಸ್ತಿ ಬೇಡ. ಆದರೆ ಇಷ್ಟು ಗೊತ್ತಿರಲಿ, ಇಲ್ಲದಿದ್ದರೆ ಯಾರೋ ಒಬ್ಬ ಪಂಚಾಯ್ತಿ ಮೆಂಬರು ಬಂದು "ನಿಮಗೇನ್ ಪವರ್ ಐತೆ?" ಅಂದಾಗ ಸುಮ್ಮನಾಗಿಬಿಡುತ್ತೀರಿ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಶುರುವಾಗಿದ್ದು 2001ರಲ್ಲಿ. ಅದಕ್ಕೆ ಮೊದಲು ಗ್ರಾಮ ಶಿಕ್ಷಣ ಸಮಿತಿ ಅಂತ ಇತ್ತು, ಅದರಲ್ಲಿ ಪೋಷಕರಿಗೆ ಅಷ್ಟೇನೂ ಜಾಗ ಇರಲಿಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇಲೆ ಈ ಹೊಸ ಸಮಿತಿ ಬಂತು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಜನ ಮಕ್ಕಳ ತಂದೆ-ತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಜನ ಹೆಂಗಸರು ಇರಬೇಕು. 22ನೇ ಸೆಕ್ಷನ್, ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಇದೇ ಸಮಿತಿಯ ಕೆಲಸ ಅನ್ನುತ್ತದೆ. 24ನೇ ಸೆಕ್ಷನ್, ಮೇಷ್ಟ್ರುಗಳು ಆಗಾಗ ಪೋಷಕರನ್ನು ಕರೆದು ಮಗುವಿನ ಹಾಜರಾತಿ ಹೇಗಿದೆ, ಎಷ್ಟು ಕಲಿತಿದೆ ಅಂತ ಹೇಳಬೇಕು ಅನ್ನುತ್ತದೆ. ಅಂದರೆ ಪೋಷಕರ ಸಭೆ ಯಾರೋ ಮಾಡುವ ಉಪಕಾರವಲ್ಲ.

ಇನ್ನೊಂದು 27ನೇ ಸೆಕ್ಷನ್. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇವು ಬಿಟ್ಟು ಪಾಠಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಮೇಷ್ಟ್ರನ್ನು ಹಾಕಬಾರದು ಅಂತ ಅದು ಹೇಳುತ್ತದೆ. ಹೇಳುತ್ತದೆ, ಅಷ್ಟೇ. 2025ರ ದಸರಾ ರಜೆ ನೆನಪಿದೆಯಲ್ಲ? ಮೇಷ್ಟ್ರುಗಳು ಮನೆಮನೆಗೆ ಹೋಗಿ ಮಾಡುತ್ತಿದ್ದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಮುಗಿದಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಆಗ ನಮ್ಮೂರ ಟೀ ಅಂಗಡಿಯಲ್ಲಿ "ಮೇಷ್ಟ್ರುಗಳಿಗೇನಪ್ಪ, ರಜೆ ಮೇಲೆ ರಜೆ" ಅಂತ ಮಾತು. ಅದೇ ಹೊತ್ತಿಗೆ ನಮ್ಮ ಶಾಲೆಯ ಮಿಸ್ ಒಬ್ಬರು ಬಿಸಿಲಲ್ಲಿ ಮೊಬೈಲ್ ಹಿಡಿದುಕೊಂಡು, ಓಟಿಪಿ ಹೇಳಲು ಒಪ್ಪದ ಅಜ್ಜಿಯೊಬ್ಬರ ಜಗಲಿ ಮೇಲೆ ಕೂತಿದ್ದರು. ಇಂಥದ್ದನ್ನು ಪೋಷಕರಿಗೆ ಹೇಳುವವರು ಯಾರು? ಮೇಷ್ಟ್ರು ತಾವೇ ಹೇಳಿಕೊಂಡರೆ ನೆಪ ಅನ್ನಿಸುತ್ತದೆ. ಸಮಿತಿಯವರು ಹೇಳಿದರೆ ಜನ ಕೇಳುತ್ತಾರೆ.

ಮೊದಲ ತಿಂಗಳು ತಪಾಸಣೆ ಮಾಡಬೇಡಿ

ಹೊಸದಾಗಿ ಅಧ್ಯಕ್ಷರಾದವರಿಗೆ ಒಂದು ರೋಗ ಬರುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಹತ್ತಿರ ನಿಂತು ಯಾವ ಮೇಷ್ಟ್ರು ಎಷ್ಟು ಹೊತ್ತಿಗೆ ಬಂದರು ಅಂತ ನೋಡುವುದು. ನನಗೂ ಬಂದಿತ್ತು. ಎರಡನೇ ವಾರ ಒಬ್ಬ ಮಿಸ್ ಹತ್ತು ನಿಮಿಷ ತಡವಾಗಿ ಬಂದರು, ನಾನು ಎಲ್ಲರ ಮುಂದೆ ಗಡಿಯಾರ ನೋಡಿದೆ. ಮಾತೇನೂ ಆಡಲಿಲ್ಲ, ನೋಡಿದೆ ಅಷ್ಟೇ. ಅದಾದ ಮೇಲೆ ಮೂರು ತಿಂಗಳು ಅವರು ನನ್ನ ಹತ್ತಿರ ಹಾಂ-ಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಆಮೇಲೆ ಗೊತ್ತಾಯಿತು, ಅವತ್ತು ಬಸ್ಸು ಕೆಟ್ಟು ನಿಂತಿತ್ತಂತೆ, ಎರಡು ಕಿಲೋಮೀಟರ್ ನಡೆದುಕೊಂಡು ಬಂದಿದ್ದರಂತೆ.

ಅದರ ಬದಲು ಹೀಗೆ ಮಾಡಿ. ಶಾಲೆ ಬಿಟ್ಟ ಮೇಲೆ ಹೋಗಿ ಒಬ್ಬೊಬ್ಬರನ್ನೇ ಮಾತಾಡಿಸಿ, ಹೆಡ್ ಮೇಷ್ಟ್ರಿಗೆ ಮೊದಲೇ ತಿಳಿಸಿ. "ನಿಮ್ಮ ಕಷ್ಟ ಏನು?" ಅಂತ ಕೇಳಬೇಡಿ. ಹಾಗೆ ಕೇಳಿದರೆ "ಏನಿಲ್ಲ ಸಾರ್, ಎಲ್ಲಾ ಚೆನ್ನಾಗಿದೆ" ಅನ್ನುತ್ತಾರೆ. "ಹೋದ ವಾರ ಪಾಠ ಬಿಟ್ಟು ಬೇರೆ ಕೆಲಸಕ್ಕೆ ಯಾವತ್ತು ಎಷ್ಟು ಹೊತ್ತು ಹೋಯ್ತು ಮೇಷ್ಟ್ರೇ?" ಅಂತ ಕೇಳಿ. ಸೋಮವಾರದಿಂದ ಶನಿವಾರದವರೆಗೆ ದಿನ ಹಿಡಿದು ಕೇಳಿ. ಅವರು ಹೇಳುತ್ತಾ ಹೋಗುತ್ತಾರೆ, ನೀವು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ನನ್ನ ನೋಟ್‌ಬುಕ್ಕಿನಲ್ಲಿ ಬಂದ ಪಟ್ಟಿ ನೋಡಿ ನನಗೇ ಆಶ್ಚರ್ಯ. ಬಿಸಿಯೂಟದ ಅಕ್ಕಿ-ಬೇಳೆ ಲೆಕ್ಕ, ಬೆಳಗಿನ ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ತರಿಸುವುದು, ಮೊಟ್ಟೆ ತಿನ್ನದ ಮಕ್ಕಳಿಗೆ ಆಗ ಕೊಡುತ್ತಿದ್ದ ಬಾಳೆಹಣ್ಣು ಅಥವಾ ಚಿಕ್ಕಿ, ಸ್ಯಾಟ್ಸ್‌ನಲ್ಲಿ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ದಾಖಲೆ) ಎಂಟ್ರಿ, ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು) ಸಂಜೆ ಐದಕ್ಕೆ ವಾಟ್ಸಾಪಿನಲ್ಲಿ ಕೇಳಿ ಆರಕ್ಕೆ ಬೇಕು ಅನ್ನುವ ಮಾಹಿತಿ, ತರಬೇತಿ, ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸ, ನೀರಿನ ಟ್ಯಾಂಕಿನ ಮೋಟರ್ ಕೆಟ್ಟರೆ ಮೆಕ್ಯಾನಿಕ್ ಹುಡುಕುವುದು, ಶಾಲೆಗೆ ಬಾರದ ಮಗುವಿನ ಮನೆಗೆ ಹೋಗುವುದು. ಇದರ ಮಧ್ಯೆ ಒಂದು, ಎರಡು, ಮೂರನೇ ಕ್ಲಾಸಿನ ನಲಿ-ಕಲಿ (ಆಡುತ್ತಾ ಕಲಿಯುವ ಪಾಠ) ಒಟ್ಟಿಗೆ ಒಬ್ಬರೇ ಮಿಸ್‌ಗೆ. ನಮ್ಮ ಶಾಲೆಯಲ್ಲಿ ಎರಡು ಹುದ್ದೆ ಖಾಲಿ ಇತ್ತು, ಒಬ್ಬರು ಅತಿಥಿ ಶಿಕ್ಷಕಿ. ಕಾಯ್ದೆಯಲ್ಲಿ ವಾರಕ್ಕೆ 45 ಗಂಟೆ ಅಂತಿದೆ, ಅದರಲ್ಲಿ ಪಾಠದ ತಯಾರಿಯ ಹೊತ್ತೂ ಸೇರಿದೆ. ತಯಾರಿಗೆ ಹೊತ್ತೆಲ್ಲಿ?

ಈಗ ಆ ಪಟ್ಟಿಯಲ್ಲಿ ಮೂರು ಗುರುತು ಹಾಕಿ. ಪೋಷಕರು ಮಾಡಬಹುದಾದ್ದಕ್ಕೆ ಸೊನ್ನೆ. ಪಂಚಾಯ್ತಿ ಅಥವಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು ಮಾಡಬೇಕಾದ್ದಕ್ಕೆ ಗೀಟು. ಮೇಷ್ಟ್ರೇ ಮಾಡಬೇಕಾದ್ದಕ್ಕೆ ಏನೂ ಬೇಡ. ಮೋಟರ್ ರಿಪೇರಿ ಸೊನ್ನೆ, ನಮ್ಮಲ್ಲೇ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್ ಇದ್ದ, ಅವನ ಮಗ ಎರಡನೇ ಕ್ಲಾಸು. ಖಾಲಿ ಹುದ್ದೆ ಗೀಟು. ಸ್ಯಾಟ್ಸ್ ಎಂಟ್ರಿ ಮೇಷ್ಟ್ರದ್ದೇ, ಅದರ ಪಾಸ್‌ವರ್ಡ್ ಪೋಷಕರ ಕೈಗೆ ಬರಬಾರದು. ಇದನ್ನು ಒತ್ತಿ ಹೇಳುತ್ತೇನೆ. ಸಹಾಯದ ಹೆಸರಲ್ಲಿ ಬೇರೆಯವರ ಮಕ್ಕಳ ಆಧಾರ್, ಜಾತಿ ಪ್ರಮಾಣಪತ್ರ ನಮ್ಮ ಮನೆಯ ಟೇಬಲ್ ಮೇಲೆ ಬಿದ್ದಿರುವುದು ತಪ್ಪು.

ಹಾಗಾದರೆ ಆ ಪ್ಲಾಸ್ಟಿಕ್ ಕವರಿಗೆ ಏನು ಮಾಡಿದೆವು? ಪ್ರತಿ ಕ್ಲಾಸಿಗೆ ಒಬ್ಬ ತಾಯಿಯನ್ನು ಆರಿಸಿದೆವು. ಜೂನ್‌ನಲ್ಲೇ ಅವರು ತಮ್ಮ ಕ್ಲಾಸಿನ ಮನೆಗಳಿಗೆ ಫೋನ್ ಮಾಡಿ ಒಂದೇ ಮಾತು ಹೇಳಬೇಕು: "ಮಗೀನ ಆಧಾರ್ ತೆಗೆದು ನೋಡಿ, ಅದರಲ್ಲಿರೋ ಹೆಸರೂ ಮಾರ್ಕ್ಸ್ ಕಾರ್ಡಲ್ಲಿರೋ ಹೆಸರೂ ಒಂದೇನಾ?" ಅಷ್ಟೇ. ಕಾಗದ ಮುಟ್ಟುವುದಿಲ್ಲ, ನೋಡುವುದಿಲ್ಲ. ತಪ್ಪಿದ್ದವರು ತಾವೇ ಆಧಾರ್ ಸೆಂಟರಿಗೆ ಹೋಗಿ ಸರಿ ಮಾಡಿಸಿಕೊಂಡು, ತಾವೇ ಎರಡು ಕಾಪಿ ತಂದು ಶಾಲೆಗೆ ಕೊಡಬೇಕು. ಶಾಲೆಯ ಚೀಟಿ ತಂದವರಿಗೆ ನನ್ನ ಅಂಗಡಿಯಲ್ಲಿ ಕಾಪಿಗೆ ದುಡ್ಡಿಲ್ಲ. ಮೊದಲ ವರ್ಷ ಅರ್ಧಕ್ಕರ್ಧ ಕೆಲಸ ಆಯಿತು. ಎರಡನೇ ವರ್ಷ ಮೇಷ್ಟ್ರು ಮಧ್ಯಾಹ್ನ ಒಂದೂವರೆಗೆ ಅಂಗಡಿಗೆ ಬರುವುದು ನಿಂತಿತು. ನನ್ನ ವ್ಯಾಪಾರ ಸ್ವಲ್ಪ ಕಮ್ಮಿ ಆಯಿತು, ಅದು ಬೇರೆ ಮಾತು.

ಪೋಷಕರು ಬರುವುದಿಲ್ಲ ಅನ್ನುವ ಮಾತು

ನನ್ನ ಮೊದಲ ಸಭೆಗೆ ಬಂದವರು ನಾಲ್ಕು ಜನ. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಹಾಜರಾತಿ ಪುಸ್ತಕವನ್ನು ಆಮೇಲೆ ಹುಡುಗನ ಕೈಲಿ ಮನೆಮನೆಗೆ ಕಳಿಸಿ ಸೈನ್ ಹಾಕಿಸಿದೆವು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಎಷ್ಟೋ ಊರುಗಳಲ್ಲಿ ಇದೇ ನಡೆಯುತ್ತದೆ. ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಜನ, ಕಾಗದದ ಮೇಲೆ ಇರುತ್ತದೆ, ಜನ ಗದ್ದೆಯಲ್ಲಿರುತ್ತಾರೆ.

ಆಮೇಲೆ ಯೋಚನೆ ಮಾಡಿದೆ. ಮಂಗಳವಾರ ಹನ್ನೊಂದಕ್ಕೆ ಯಾರು ಬರಲು ಆಗುತ್ತದೆ? ನಮ್ಮೂರಿನ ಅರ್ಧ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿದರೆ ರಾತ್ರಿ ಏಳಕ್ಕೆ ಇಳಿಯುತ್ತಾರೆ. ಅರ್ಧ ದಿನ ರಜೆ ಹಾಕಿದರೆ ಸಂಬಳ ಹೋಗುತ್ತದೆ, ಸೂಪರ್‌ವೈಸರ್ ಮಾತು ಬೇರೆ. ಕೂಲಿಯವರಿಗೆ ಸಭೆ ಅಂದರೆ ಆ ದಿನದ ಕೂಲಿ ಖೋತಾ. ಹಸು ಸಾಕಿದವರು ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕಲೇಬೇಕು. ಹೀಗಿರುವಾಗ "ನಮ್ಮ ಪೋಷಕರಿಗೆ ಆಸಕ್ತಿ ಇಲ್ಲ" ಅನ್ನುವುದು ಸುಲಭ, ಆದರೆ ನಿಜವಲ್ಲ.

ನಿಮ್ಮೂರಿನ ದಿನಚರಿ ನಿಮಗೇ ಗೊತ್ತಿರುತ್ತದೆ, ಅದನ್ನು ನೋಡಿ ಹೊತ್ತು ಇಟ್ಟುಕೊಳ್ಳಿ. ಸಂತೆ ದಿನ ಬೇಡ. ಕಬ್ಬು ಕಡಿಯುವ ಕಾಲ, ನಾಟಿ ಕಾಲ ಬೇಡ. ಸೋಮವಾರ ಎತ್ತು ಹೂಡದ ಊರಾದರೆ ಗಂಡಸರು ಸಿಗುತ್ತಾರೆ. ನಮಗೆ ಹೊಂದಿದ್ದು ಎರಡು. ಸಮಿತಿಯ ತಿಂಗಳ ಸಭೆ ಶನಿವಾರ ಮಧ್ಯಾಹ್ನ, ಅವತ್ತು ಬೆಳಗಿನ ಶಾಲೆ, ಮೇಷ್ಟ್ರಿಗೂ ಅನುಕೂಲ. ಎಲ್ಲಾ ಪೋಷಕರ ದೊಡ್ಡ ಸಭೆ ವರ್ಷಕ್ಕೆ ಮೂರು ಸಲ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಭಾನುವಾರ ಅಂದಾಗ ಮೇಷ್ಟ್ರುಗಳ ಮುಖ ಸಣ್ಣಗಾಯಿತು. ಸರಿಯಾಗಿಯೇ ಇದೆ, ಅವರಿಗೂ ಮನೆ ಇಲ್ವಾ? ಅದಕ್ಕೆ ಒಪ್ಪಂದ ಮಾಡಿಕೊಂಡೆವು: ಸಭೆ ಒಂದೂವರೆ ಗಂಟೆ ದಾಟುವುದಿಲ್ಲ, ಸರದಿ ಮೇಲೆ ಅರ್ಧ ಜನ ಮೇಷ್ಟ್ರು ಬಂದರೆ ಸಾಕು, ಶಾಮಿಯಾನ, ಕುರ್ಚಿ, ಟೀ, ಆಮೇಲೆ ಕಸ ಗುಡಿಸುವುದು ಎಲ್ಲಾ ನಮ್ಮದು.

ಕರೆಯುವುದು ಹೇಗೆ ಅನ್ನುವುದೂ ಮುಖ್ಯ. "ಸದರಿ ಸಭೆಗೆ ತಪ್ಪದೆ ಹಾಜರಾಗಲು ಈ ಮೂಲಕ ತಿಳಿಯಪಡಿಸಲಾಗಿದೆ" ಅಂತ ಒಂದು ಜೆರಾಕ್ಸ್ ಚೀಟಿ ಕಳಿಸಿದರೆ ಅದು ಬ್ಯಾಗಿನ ತಳದಲ್ಲೇ ಸಾಯುತ್ತದೆ. ನಾವು ಮಕ್ಕಳ ಕೈಯಲ್ಲೇ ಬರೆಸಿದೆವು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಬರೆದಿದ್ದ: "ಅಮ್ಮ ಭಾನುವಾರ ಶಾಲೆಗೆ ಬಾ ನನ್ನ ಜಾಗ ತೋರಿಸ್ತೀನಿ ಅಪ್ಪನ್ನೂ ಕರಕೊಂಡು ಬಾ ಕುಡಿಬೇಡ ಅಂತ ಹೇಳು." ಮಿಸ್ ಅದನ್ನು ತಿದ್ದಿಸೋಣ ಅಂದರು, ನಾನು ಬೇಡ ಅಂದೆ. ಆಮೇಲೆ ಮಿಸ್ಸೇ ಸರಿ ಅನ್ನಿಸಿತು. ಚೀಟಿ ಮನೆಯಲ್ಲಿ ಜಗಳ ತಂದರೆ ಏಟು ತಿನ್ನುವುದು ಹುಡುಗ. ಕೊನೆಯ ಸಾಲು ಬಿಟ್ಟು ಇನ್ನೊಂದು ಚೀಟಿ ಬರೆಸಿದರು. ಅಪ್ಪ-ಅಮ್ಮ ಇಬ್ಬರೂ ಬಂದರು. ಹುಡುಗ ಕೈ ಹಿಡಿದುಕೊಂಡು ಹೋಗಿ ಮೂರನೇ ಸಾಲಿನ ಡೆಸ್ಕ್ ತೋರಿಸಿದ.

ಸಭೆಯೊಳಗೆ

ಪೋಷಕರು ಬರುವುದು ತಮ್ಮ ಮಗುವಿನ ವಿಷಯ ಕೇಳಲು, ಕಾಂಪೌಂಡಿನ ವಿಷಯ ಕೇಳಲು ಅಲ್ಲ. ಹಾಗಾಗಿ ಮೊದಲ ಅರ್ಧ ಗಂಟೆ ಕ್ಲಾಸ್‌ರೂಮುಗಳಲ್ಲಿ. ಮಗುವಿನ ನೋಟ್‌ಬುಕ್, ಉತ್ತರಪತ್ರಿಕೆ ಡೆಸ್ಕಿನ ಮೇಲೆ ಇರಲಿ, ಮಗು ಪಕ್ಕದಲ್ಲಿ ಕೂತಿರಲಿ. ಇಲಾಖೆಯದೇ "ಸಮುದಾಯದತ್ತ ಶಾಲೆ" ಕಾರ್ಯಕ್ರಮ ಇದೆಯಲ್ಲ, ಅದರಲ್ಲಿ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಆದರೆ ಎಷ್ಟೋ ಕಡೆ ಅದು ಭಾಷಣ, ಹಾರ, ಫೋಟೋ ಆಗಿ ಮುಗಿಯುತ್ತದೆ.

ಮೇಷ್ಟ್ರು ಹೇಳುವ ರೀತಿ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. "ನಿಮ್ಮ ಮಗ ದಡ್ಡ" ಅಂತ ಒಂದು ಸಲ ಹತ್ತು ಜನರ ಮುಂದೆ ಕೇಳಿದ ತಾಯಿ ಇನ್ನು ಜನ್ಮದಲ್ಲಿ ಶಾಲೆಗೆ ಬರುವುದಿಲ್ಲ. ಓದು ಬಾರದ ತಾಯಿಗೆ ಶೇಕಡಾವಾರು ಹೇಳಿ ಪ್ರಯೋಜನವಿಲ್ಲ. ನಮ್ಮ ಒಬ್ಬ ಮಿಸ್ ಒಂದು ಒಳ್ಳೆ ಉಪಾಯ ಮಾಡಿದರು. ಜೂನ್‌ನಲ್ಲಿ ಮಗು ಬರೆದ ಹಾಳೆ, ನವೆಂಬರಿನಲ್ಲಿ ಬರೆದ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟರು. ಓದು ಬಾರದಿದ್ದರೂ ಗೀಚು ಯಾವುದು, ಅಕ್ಷರ ಯಾವುದು ಅಂತ ಯಾರಿಗೆ ಗೊತ್ತಾಗುವುದಿಲ್ಲ? ಒಬ್ಬರು ಅಜ್ಜಿ ಆ ಎರಡನೇ ಹಾಳೆಯನ್ನು ಮಡಿಸಿ ಸೀರೆ ಸೆರಗಿಗೆ ಗಂಟು ಹಾಕಿಕೊಂಡು ಹೋದರು. ಮಿಸ್ ವಾಪಸ್ ಕೇಳಲಿಲ್ಲ.

ಆಮೇಲೆ ಎಲ್ಲರೂ ಒಂದು ಕಡೆ ಸೇರಿದಾಗ ಕೂರುವ ವ್ಯವಸ್ಥೆ ಗಮನಿಸಿ. ಎತ್ತರದ ವೇದಿಕೆ, ಅದರ ಮೇಲೆ ಅಧ್ಯಕ್ಷರು, ಪಂಚಾಯ್ತಿ ಮೆಂಬರು, ಹೆಡ್ ಮೇಷ್ಟ್ರು, ಕೆಳಗೆ ಚಾಪೆ ಮೇಲೆ ಹೆಂಗಸರು. ಹೀಗೆ ಕೂತರೆ ಕೆಳಗಿನಿಂದ ಮಾತು ಬರುವುದಿಲ್ಲ. ಎಲ್ಲರಿಗೂ ಕುರ್ಚಿ, ಇಲ್ಲದಿದ್ದರೆ ಎಲ್ಲರಿಗೂ ಚಾಪೆ, ಸುತ್ತಲೂ. ಕೇರಿ ಕೇರಿಯವರು ಬೇರೆ ಬೇರೆ ಕೂರುವ ಅಭ್ಯಾಸ ಇರುವ ಊರಾದರೆ ಮಕ್ಕಳ ಕ್ಲಾಸಿನ ಪ್ರಕಾರ ಕೂರಿಸಿ. ಯಾರಿಗೂ ಏನೂ ವಿವರಿಸಬೇಕಾಗಿಲ್ಲ, ಐದನೇ ಕ್ಲಾಸಿನವರು ಈ ಕಡೆ, ಅಷ್ಟೇ.

ಹೆಂಗಸರು ಸದಸ್ಯರಾಗಿದ್ದು, ಗಂಡ ಬಂದು ಕೂತು ಮಾತಾಡುವುದು ನಮ್ಮಲ್ಲೂ ಇತ್ತು. ಜಗಳ ಆಡಲಿಲ್ಲ. ಸಭೆಯ ವಿಷಯವನ್ನೇ ಬದಲಾಯಿಸಿದೆ. ಶೌಚಾಲಯದ ನೀರು, ಊಟದ ಸಾರು, ಏಳನೇ ಕ್ಲಾಸಿನ ಹೆಣ್ಣುಮಕ್ಕಳು ತಿಂಗಳಲ್ಲಿ ಮೂರು ದಿನ ಯಾಕೆ ಬರುವುದಿಲ್ಲ, ಇದನ್ನು ಮೊದಲ ವಿಷಯ ಮಾಡಿದೆ. ಗಂಡಂದಿರು ಎರಡೇ ಸಭೆಗೆ "ನೀನೇ ಹೋಗು" ಅಂದರು.

ನಡಾವಳಿ ಪುಸ್ತಕ ಸಭೆಯಲ್ಲೇ ಬರೆಯಿರಿ, ಬರೆದದ್ದನ್ನು ಅಲ್ಲೇ ಓದಿ ಹೇಳಿ ಸೈನ್ ತೆಗೆದುಕೊಳ್ಳಿ. ಸದಸ್ಯ ಕಾರ್ಯದರ್ಶಿ ಹೆಡ್ ಮೇಷ್ಟ್ರೇ ಆದ್ದರಿಂದ ಬರೆಯುವ ಭಾರ ಅವರ ಮೇಲೆ ಬೀಳುತ್ತದೆ. ಒಳ್ಳೆ ಅಕ್ಷರ ಇರುವ ಒಬ್ಬ ಪೋಷಕರು ಬರೆದು, ಅವರು ನೋಡಿ ಸೈನ್ ಹಾಕಲಿ. ಪ್ರತಿ ಠರಾವಿನ ಪಕ್ಕ ಯಾರು ಮಾಡುತ್ತಾರೆ, ಯಾವ ತಾರೀಕಿಗೆ. "ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಅಂತ ಬರೆದ ಠರಾವು ಯಾವತ್ತೂ ಆಗಿದ್ದನ್ನು ನಾನು ಕಂಡಿಲ್ಲ.

ಅಡುಗೆ ಮನೆ

ಸಿಬ್ಬಂದಿ ಅಂದ ಕೂಡಲೇ ಮೇಷ್ಟ್ರು ಮಾತ್ರ ಅಂದುಕೊಳ್ಳುತ್ತೇವೆ. ಬಿಸಿಯೂಟದ ಅಡುಗೆಯವರೂ ಶಾಲೆಯವರೇ. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗಿನಿಂದ ಈ ಹೆಣ್ಣುಮಕ್ಕಳ ಕೈ ಮೇಲೆ ಶಾಲೆ ನಡೆಯುತ್ತಿದೆ, ಸಿಗುವುದು ಸಂಬಳ ಅಲ್ಲ, ಗೌರವಧನ. ಬೆಳಿಗ್ಗೆ ಬಂದು ಹಾಲು ಕಾಯಿಸಿ, ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆದು ಮನೆಗೆ ಹೋಗುವ ಹೊತ್ತಿಗೆ ಮಧ್ಯಾಹ್ನ ದಾಟಿರುತ್ತದೆ. ನಮ್ಮಲ್ಲಿ ಇಬ್ಬರಿದ್ದರು. ಒಬ್ಬರಿಗೆ ಜ್ವರ ಬಂದ ದಿನ ಇನ್ನೊಬ್ಬರು ಅಷ್ಟು ದೊಡ್ಡ ಪಾತ್ರೆಯನ್ನು ಒಬ್ಬರೇ ಇಳಿಸಲು ಹೋಗಿ ಕೈ ಸುಟ್ಟುಕೊಂಡರು. ಅವತ್ತು ಎಲ್ಲರೂ ಪಶ್ಚಾತ್ತಾಪ ಪಟ್ಟೆವು, ಆದರೆ ಸುಟ್ಟಿದ್ದು ಸುಟ್ಟಿತು.

ಆಮೇಲೆ ತಾಯಂದಿರ ಸರದಿ ಪಟ್ಟಿ ಮಾಡಿದೆವು. ದಿನಕ್ಕೆ ಒಬ್ಬರು, ಹನ್ನೆರಡೂವರೆಯಿಂದ ಒಂದೂವರೆ. ಅಡುಗೆಗೆ ಕೈ ಹಾಕುವುದಿಲ್ಲ, ತಪ್ಪು ಹುಡುಕುವುದಿಲ್ಲ. ಮೇಷ್ಟ್ರ ಜೊತೆ ಊಟದ ರುಚಿ ನೋಡುವುದು, ಭಾರ ಇಳಿಸುವಾಗ ಒಂದು ಕೈ ಹಿಡಿಯುವುದು, ಚಿಕ್ಕ ಮಕ್ಕಳಿಗೆ ಬಡಿಸುವಾಗ ನಿಲ್ಲುವುದು, ರುಚಿ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು. ಗಾರ್ಮೆಂಟ್ಸಿಗೆ ಹೋಗುವವರು ಬರಲು ಆಗುವುದಿಲ್ಲ, ಅವರಿಗೆ ಬೇರೆ ಕೆಲಸ ಕೊಟ್ಟೆವು, ಹಬ್ಬದ ದಿನ ಬೇಳೆ ಒಬ್ಬಟ್ಟಿಗೆ ಬೆಲ್ಲ ಕೊಡುವುದು. ಎಲ್ಲರಿಗೂ ಒಂದೇ ಕೆಲಸ ಅಂದರೆ ಮೊದಲು ಬಿಟ್ಟುಹೋಗುವವರು ಬಡವರೇ. ಹತ್ತು ನಿಮಿಷದ ಕೆಲಸ, ಒಂದು ಗಂಟೆಯ ಕೆಲಸ, ಫೋನಿನಲ್ಲೇ ಆಗುವ ಕೆಲಸ, ಹೀಗೆ ಬೇರೆ ಬೇರೆ ಇಟ್ಟುಕೊಂಡಿರಿ.

ದುಡ್ಡು

ಇಲ್ಲಿ ಸಣ್ಣ ಎಚ್ಚರ ತಪ್ಪಿದರೂ ಎಲ್ಲಾ ಹೋಯಿತು. ಸಮಿತಿಯ ಖಾತೆಗೆ ಅಧ್ಯಕ್ಷರದು ಮತ್ತು ಹೆಡ್ ಮೇಷ್ಟ್ರದು ಇಬ್ಬರದೂ ಸೈನ್ ಬೇಕು. ಖಾಲಿ ಚೆಕ್ಕಿಗೆ ಸೈನ್ ಹಾಕಿಟ್ಟು ಹೋಗಬೇಡಿ, ಅವರು ದೇವರಂಥವರಾದರೂ. ಸಮಗ್ರ ಶಿಕ್ಷಣ ಯೋಜನೆಯಿಂದ ಶಾಲಾ ಅನುದಾನ ಬರುವುದು ಮಕ್ಕಳ ಸಂಖ್ಯೆ ನೋಡಿ, 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಅಂತ ನಿಯಮ, ಅದರಲ್ಲಿ ಹತ್ತರಲ್ಲಿ ಒಂದು ಪಾಲು ಸ್ವಚ್ಛತೆಗೆ. ಸೀಮೆಸುಣ್ಣದಿಂದ ಕರೆಂಟ್ ರಿಪೇರಿವರೆಗೆ ಅದರಲ್ಲೇ. ಯಾವಾಗ ಬಂತು, ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಹೊರಗಿನ ಗೋಡೆಯ ಮೇಲೆ ಕಪ್ಪು ಹಲಗೆಯಲ್ಲಿ ಬರೆಯಿರಿ. ನಾವು ಬರೆದ ಮೊದಲ ತಿಂಗಳು ಜನ ಓದಿದರು, ಎರಡನೇ ತಿಂಗಳು ಪ್ರಶ್ನೆ ಕೇಳಿದರು, ಆಮೇಲೆ ಮೇಷ್ಟ್ರು ದುಡ್ಡು ತಿಂದರು ಅನ್ನುವ ಮಾತು ಊರಲ್ಲಿ ಕೇಳಲಿಲ್ಲ. ಮೇಷ್ಟ್ರಿಗೆ ನಾನು ಮಾಡಿದ ದೊಡ್ಡ ಸಹಾಯ ಇದೇ ಇರಬೇಕು.

ದಾನಿಗಳು ಬಂದರೆ ಖುಷಿ, ಆದರೆ ಅವರು ಕೊಡಬೇಕು ಅಂದುಕೊಂಡಿದ್ದಲ್ಲ, ಶಾಲೆಗೆ ಬೇಕಾದ್ದು ಕೇಳಿ. ಬೆಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿಗಳಿಗೆ ಸ್ಮಾರ್ಟ್ ಟಿವಿ ಕೊಡುವ ಆಸೆ. ನಮಗೆ ಬೇಕಿದ್ದು ಟಾಯ್ಲೆಟ್ಟಿಗೆ ನೀರಿನ ಪೈಪು. ಪಟ್ಟಿ ಕೈಯಲ್ಲಿ ಇಟ್ಟುಕೊಂಡು ಮಾತಾಡಿ. ಪೈಪಿನ ಮೇಲೆ ಹೆಸರು ಬರೆಸಲು ಆಗುವುದಿಲ್ಲ ಅನ್ನುವುದು ಒಂದೇ ತೊಂದರೆ. ಕಾಂಪೌಂಡು, ಆಟದ ಮೈದಾನ ಇಂಥವಕ್ಕೆ ದಾನಿಗಳನ್ನು ಹುಡುಕುವ ಮೊದಲು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ, ನರೇಗಾದಲ್ಲಿ ಎಷ್ಟೋ ಶಾಲೆಗಳಿಗೆ ಇವು ಆಗಿವೆ. ಗ್ರಾಮಸಭೆಯಲ್ಲಿ ಕ್ರಿಯಾಯೋಜನೆಗೆ ಸೇರಿಸಬೇಕು. ಮಕ್ಕಳ ಗ್ರಾಮಸಭೆ ಬೇರೆ ನಡೆಯುತ್ತದೆ, ಅಲ್ಲಿ ಮಕ್ಕಳೇ ಎದ್ದುನಿಂತು ಕೇಳಿದರೆ ಪಂಚಾಯ್ತಿಯವರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ನಾವು ದೊಡ್ಡವರು ಮೂರು ಅರ್ಜಿ ಕೊಟ್ಟರೂ ಆಗದ್ದು, ಆರನೇ ಕ್ಲಾಸಿನ ಹುಡುಗಿ ಒಂದೇ ಸಲ ಕೇಳಿದ್ದಕ್ಕೆ ಆಯಿತು.

ಜಗಳ ಬಂದಾಗ

ಬರುತ್ತದೆ. ಮಗು ಮನೆಗೆ ಹೋಗಿ "ಮಿಸ್ ಹೊಡೆದ್ರು" ಅನ್ನುತ್ತದೆ, ಅಪ್ಪ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತಾನೆ, ಅರ್ಧ ಗಂಟೆಯಲ್ಲಿ ನಲವತ್ತು ಮೆಸೇಜು. ನಮ್ಮ ಗ್ರೂಪಿಗೆ ಒಂದು ನಿಯಮ: ಯಾವ ಮಗುವಿನ ಹೆಸರೂ, ಯಾವ ಮೇಷ್ಟ್ರ ಹೆಸರೂ ದೂರಿನಲ್ಲಿ ಬರಬಾರದು, ಗುಡ್ ಮಾರ್ನಿಂಗ್ ಹೂವೂ ಬೇಡ, ರಾತ್ರಿ ಎಂಟರ ಮೇಲೆ ಮೇಷ್ಟ್ರಿಗೆ ಮೆಸೇಜು ಬೇಡ. ದೂರು ಇದ್ದವರು ನನಗೆ ಫೋನ್ ಮಾಡಬೇಕು, ನಾನು ಮಾರನೇ ದಿನ ಶಾಲೆ ಬಿಟ್ಟ ಮೇಲೆ ಪೋಷಕರು, ಮೇಷ್ಟ್ರು, ಹೆಡ್ ಮೇಷ್ಟ್ರು ಮೂವರನ್ನೂ ಕೂರಿಸಬೇಕು. ಮೊದಲು ಪೋಷಕರ ಮಾತು ಪೂರ್ತಿ, ಆಮೇಲೆ ಮೇಷ್ಟ್ರದು. ಬಹಳ ಸಲ ನೋಟ್‌ಬುಕ್ ತರದಿದ್ದದ್ದು, ಜಾಗ ಬದಲಾಯಿಸಿದ್ದು, ಇಂಥದ್ದೇ ಇರುತ್ತದೆ, ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಆದರೆ ನಿಜವಾಗಿ ಹೊಡೆದಿದ್ದರೆ ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವ ಹಾಗೆ ಹಿಂಸಿಸುವುದನ್ನೂ ನಿಷೇಧಿಸಿದೆ. "ನಮ್ಮ ಕಾಲದಲ್ಲಿ ಮೇಷ್ಟ್ರು ಹೊಡೆದಿದ್ದಕ್ಕೇ ನಾವು ಉದ್ಧಾರ ಆದದ್ದು" ಅನ್ನುವ ಪೋಷಕರು ಪ್ರತಿ ಊರಲ್ಲೂ ಇದ್ದಾರೆ, ಅವರ ಮಾತು ಕೇಳಿ ಸುಮ್ನೆ ಬಿಡಬೇಡಿ. ಮೇಷ್ಟ್ರಿಗೆ ಬೆಂಬಲ ಕೊಡುವುದು ಅಂದರೆ ಮುಚ್ಚಿಹಾಕುವುದಲ್ಲ. ಮಗುವಿನ ಮೈ ಕೆಟ್ಟದಾಗಿ ಮುಟ್ಟಿದ ದೂರಾದರೆ ಊರಲ್ಲಿ ಪಂಚಾಯ್ತಿ ಮಾಡಲೇಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಪೊಲೀಸರಿಗೆ ತಿಳಿಸಿ. ಆ ವಿಷಯದಲ್ಲಿ ಅಧ್ಯಕ್ಷನ ಸ್ವಂತ ತೀರ್ಮಾನ ಅನ್ನುವುದು ಏನೂ ಇಲ್ಲ.

ನಾನು ಕೆಡಿಸಿದ್ದು

ಎರಡನೇ ವರ್ಷ ವಾರ್ಷಿಕೋತ್ಸವ ಜೋರಾಗಿ ಮಾಡಿದೆ. ಡಿಜೆ, ಲೈಟು, ಶಾಸಕರು, ಫ್ಲೆಕ್ಸ್. ಊರೆಲ್ಲಾ ಹೊಗಳಿತು, ನನಗೂ ಎದೆ ಉಬ್ಬಿತು. ಆಮೇಲೆ ಹೆಡ್ ಮೇಷ್ಟ್ರು ಹಾಜರಾತಿ ಪುಸ್ತಕ, ಪಾಠ ಟಿಪ್ಪಣಿ ಎರಡನ್ನೂ ನನ್ನ ಮುಂದಿಟ್ಟರು. ಡ್ಯಾನ್ಸ್ ಪ್ರಾಕ್ಟೀಸ್ ಅಂತ ಮೂರು ವಾರ ಮಧ್ಯಾಹ್ನದ ಮೇಲೆ ಒಂದು ಪಾಠವೂ ಆಗಿರಲಿಲ್ಲ. "ಸಿಟ್ಟಿಲ್ಲ ಸಾರ್, ತೋರಿಸಿದೆ ಅಷ್ಟೇ" ಅಂದರು. ಅವರ ಪಟ್ಟಿಯಲ್ಲಿ ಭಾರ ಇಳಿಸುತ್ತೇನೆ ಅಂದವನು ನಾನೇ ಒಂದು ಮೂಟೆ ಹೊರಿಸಿದ್ದೆ. ಮುಂದಿನ ವರ್ಷ ಕಾರ್ಯಕ್ರಮ ಮಧ್ಯಾಹ್ನದ ಹೊತ್ತು, ಮೈಕ್ ಒಂದೇ, ಮಕ್ಕಳು ಪ್ರತಿಭಾ ಕಾರಂಜಿಗೆ ಕಲಿತಿದ್ದನ್ನೇ ಮತ್ತೆ ಆಡಿದರು.

ಖಾಸಗಿ ಶಾಲೆಯವರು ಕೇಳುತ್ತಾರೆ, ನಮಗೂ ಇದು ಅನ್ವಯಿಸುತ್ತಾ ಅಂತ. ಅನುದಾನವಿಲ್ಲದ ಶಾಲೆಗಳಿಗೆ 21ನೇ ಸೆಕ್ಷನ್ ಸಮಿತಿ ಇಲ್ಲ. ಅಲ್ಲಿ ಪೋಷಕರ ಸಂಘ ಇದ್ದರೂ ಮಾತು ಹೆಚ್ಚಾಗಿ ಫೀಸಿನ ಸುತ್ತಲೇ ತಿರುಗುತ್ತದೆ. ಆದರೂ ಟೀಚರ್‌ಗಳನ್ನು ದಿನ ಹಿಡಿದು ಕೇಳುವ ಆ ಪ್ರಶ್ನೆ ಅಲ್ಲಿಯೂ ಕೆಲಸ ಮಾಡುತ್ತದೆ. ಅಲ್ಲಿನ ಟೀಚರ್‌ಗಳ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬದಲು ಆ್ಯಪ್ ಇರುತ್ತದೆ, ಅಷ್ಟೇ ವ್ಯತ್ಯಾಸ.

ಕೊನೆಗೆ ಬಿಟ್ಟುಕೊಡುವುದು. ನಿಮ್ಮ ಮಗು ಶಾಲೆ ಬಿಟ್ಟ ಮೇಲೆ ನೀವು ಆ ಶಾಲೆಯ ಪೋಷಕರಲ್ಲ, ಕುರ್ಚಿ ಬಿಡಬೇಕು. ಬಿಡುವ ಮುಂಚೆ ಒಂದು ಫೈಲ್ ಮಾಡಿ: ಕ್ಲಾಸುವಾರು ತಾಯಂದಿರ ಫೋನ್ ನಂಬರ್, ಮೋಟರ್ ಮೆಕ್ಯಾನಿಕ್, ಪಿಡಿಒಗೆ ಕೊಟ್ಟ ಅರ್ಜಿಗಳ ಸ್ವೀಕೃತಿ, ಪಾಸ್‌ಬುಕ್, ವೋಚರುಗಳು, ಆಗದೆ ಉಳಿದ ಕೆಲಸಗಳ ಪಟ್ಟಿ. ನನ್ನ ನಂತರ ಅಧ್ಯಕ್ಷರಾದವರು ಗಾರ್ಮೆಂಟ್ಸಿಗೆ ಹೋಗುವ ಒಬ್ಬ ತಾಯಿ. ಫೈಲ್ ಕೊಟ್ಟಾಗ ನಿಂತುಕೊಂಡೇ ಕೊನೆ ಪುಟ ತೆಗೆದು ನೋಡಿದರು. "ಅಣ್ಣ, ಇದರಲ್ಲಿ ಖಾಲಿ ಹುದ್ದೆ ಗೀಟು ಹಂಗೇ ಐತಲ್ಲ?" ಅಂದರು. ಹೌದಮ್ಮ, ಮೂರು ವರ್ಷದಿಂದ ಹಂಗೇ ಐತೆ ಅಂದೆ. ಮುಂದಿನ ಸೋಮವಾರ ಅರ್ಧ ದಿನ ರಜೆ ಹಾಕಿ ಏಳು ಜನ ತಾಯಂದಿರನ್ನು ಕರೆದುಕೊಂಡು ಬಿಇಒ ಆಫೀಸಿಗೆ ಹೋದರು. ಅರ್ಜಿಯ ಕಾಪಿ ನನ್ನ ಅಂಗಡಿಯಲ್ಲೇ ಹಾಕಿಸಿದರು, ಎಂಟು ಪ್ರತಿ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು.